ಸುದ್ದಿಮನೆಗೆ ಎಐ ಬಂದಿದೆ, ತಪ್ಪಾದರೆ ಉತ್ತರ ಕೊಡುವವರು ಯಾರು?

2025ರ ನವೆಂಬರ್ 12ರಂದು ಪಾಕಿಸ್ತಾನದ ಹೆಸರಾಂತ ಇಂಗ್ಲಿಷ್ ಪತ್ರಿಕೆ ‘ಡಾನ್’ನ ವಾಣಿಜ್ಯ ಪುಟದಲ್ಲಿ ಒಂದು ಸುದ್ದಿ ಬಂತು. ಅಕ್ಟೋಬರ್ ತಿಂಗಳಲ್ಲಿ ಕಾರು ಮಾರಾಟ ಹೇಗಿತ್ತು ಅನ್ನುವ ಮಾಮೂಲಿ ಸುದ್ದಿ. ಆದರೆ ಕೊನೆಯ ಪ್ಯಾರಾದಲ್ಲಿ ಕಾರಿನ ವಿಷಯವೇ ಇರಲಿಲ್ಲ. ಬೇಕಿದ್ದರೆ ಇದನ್ನೇ ಇನ್ನೂ ಚುರುಕಾಗಿ, ಮುಖಪುಟದ ಧಾಟಿಯಲ್ಲಿ ಬರೆದುಕೊಡಬಲ್ಲೆ, ಮಾಡಿಕೊಡಲೇ ಎಂದು ಯಾರೋ ಯಾರನ್ನೋ ಕೇಳುತ್ತಿದ್ದರು.

ಕೇಳುತ್ತಿದ್ದದ್ದು ಚಾಟ್‌ಬಾಟ್, ಅಂದರೆ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಯಂತ್ರ. ಆ ಮಾತು ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೂತವರಿಗೆ ಹೇಳಿದ್ದು. ಸುದ್ದಿಯ ಜೊತೆಗೆ ಅದೂ ಪುಟಕ್ಕೆ ಬಂದುಬಿಟ್ಟಿತ್ತು. ಪತ್ರಿಕೆ ತಡಮಾಡದೆ ವಿಷಾದ ತಿಳಿಸಿತು. ಈ ಸುದ್ದಿಯನ್ನು ಎಐ ಬಳಸಿ ತಿದ್ದಲಾಗಿದೆ, ಇದು ನಮ್ಮದೇ ಎಐ ನೀತಿಗೆ ವಿರುದ್ಧ, ತನಿಖೆ ನಡೆಯುತ್ತಿದೆ ಎಂದು ಹೇಳಿತು.

ಜನ ಆ ಪ್ಯಾರಾದ ಫೋಟೊ ಹಂಚಿಕೊಂಡು ನಕ್ಕರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಡಾನ್ ಬಳಿ ನೀತಿ ಇತ್ತು. ಬರೆದಿಟ್ಟ ನಿಯಮ ಇತ್ತು. ಒಂದು ಸುದ್ದಿ ಅಚ್ಚಿಗೆ ಹೋಗುವ ಮೊದಲು ಸಾಮಾನ್ಯವಾಗಿ ಎರಡು ಮೂರು ಜೊತೆ ಕಣ್ಣುಗಳನ್ನು ದಾಟಿ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಆ ಪ್ಯಾರಾ ದಾಟಿಹೋಯಿತು ಅಂದರೆ, ನಿಯಮ ಇರುವುದು ಬೇರೆ, ಅದು ಕೆಲಸದ ಮೇಜಿನವರೆಗೆ ತಲುಪುವುದು ಬೇರೆ ಅಂತಾಯಿತು. ಸುದ್ದಿ ಸಂಸ್ಥೆಗಳು ಎಐಗೆ ಹಾಕಿಕೊಂಡ ಕಟ್ಟುಪಾಡುಗಳೇನು, ಅವು ಎಲ್ಲಿ ಸೋರುತ್ತವೆ ಅನ್ನುವುದನ್ನು ನೋಡೋಣ.

ಹಳೆಯ ಯಂತ್ರ, ಹೊಸ ಯಂತ್ರ

ಯಂತ್ರ ಸುದ್ದಿ ಬರೆಯುವುದು ಹೊಸದೇನಲ್ಲ. ಅಮೆರಿಕದ ಸುದ್ದಿ ಸಂಸ್ಥೆ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ, 2014ರಲ್ಲೇ ಕಂಪನಿಗಳ ಮೂರು ತಿಂಗಳ ಲಾಭ ನಷ್ಟದ ಸುದ್ದಿಗಳನ್ನು ಯಂತ್ರಕ್ಕೆ ಒಪ್ಪಿಸಿತ್ತು. ಅಲ್ಲಿಯವರೆಗೆ ಪತ್ರಕರ್ತರು ಪ್ರತಿ ಮೂರು ತಿಂಗಳಿಗೆ ಸುಮಾರು 300 ಇಂಥ ಸುದ್ದಿ ಬರೆಯುತ್ತಿದ್ದರು. ಯಂತ್ರ ಬಂದ ಮೇಲೆ ಅದು 3,000 ದಾಟಿತು.

ಆದರೆ ಆ ಯಂತ್ರ ಮಾಡುತ್ತಿದ್ದ ಕೆಲಸ ಅರ್ಜಿ ಫಾರಂ ತುಂಬಿದ ಹಾಗೆ. ವಾಕ್ಯ ಮೊದಲೇ ಸಿದ್ಧ ಇರುತ್ತದೆ, ಖಾಲಿ ಜಾಗಕ್ಕೆ ಕಂಪನಿಯ ಹೆಸರು, ಲಾಭದ ಮೊತ್ತ ಬಂದು ಕೂರುತ್ತದೆ. ತಪ್ಪಾದರೆ ಎಲ್ಲಿಂದ ಬಂತು ಎಂದು ಹುಡುಕಬಹುದು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ‘ಕ್ವೇಕ್‌ಬಾಟ್’ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಭೂಕಂಪದ ಮಾಹಿತಿ ಬಂದ ಕೂಡಲೇ ಸುದ್ದಿ ಬರೆಯುವ ಯಂತ್ರ ಅದು. 2017ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ 6.8 ತೀವ್ರತೆಯ ಭೂಕಂಪ ಆಗಿದೆ ಎಂದು ಅದು ಸುದ್ದಿ ಮಾಡಿತು. ಆದರೆ ಅಂದು ಅಲ್ಲಿ ಏನೂ ಆಗಿರಲಿಲ್ಲ. ಆ ಭೂಕಂಪ ಆಗಿದ್ದು 1925ರಲ್ಲಿ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಹಳೆಯ ದಾಖಲೆಯನ್ನು ಸರಿಪಡಿಸುವಾಗ ಅಚಾತುರ್ಯದಿಂದ ಹೊಸ ಎಚ್ಚರಿಕೆಯಂತೆ ಸಂದೇಶ ಹೊರಟಿತ್ತು. ಕ್ವೇಕ್‌ಬಾಟ್ ಬಂದದ್ದನ್ನು ಬಂದ ಹಾಗೆ ನಂಬಿತು. ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಚಾಟ್‌ಜಿಪಿಟಿಯಂಥ ಹೊಸ ಯಂತ್ರಗಳ ಬಗೆ ಬೇರೆ. ಅಪಾರ ಬರಹವನ್ನು ಓದಿಕೊಂಡು, ಈ ಮಾತಿನ ಮುಂದೆ ಯಾವ ಮಾತು ಬರಬಹುದು ಎಂದು ಅಂದಾಜು ಮಾಡುತ್ತಾ ಅವು ವಾಕ್ಯ ಹೆಣೆಯುತ್ತವೆ. ಅಂದಾಜು ಬಹಳ ಸಲ ಸರಿ ಹೋಗುತ್ತದೆ. ಸರಿ ಹೋಗದಿದ್ದಾಗಲೂ ವಾಕ್ಯ ಅಷ್ಟೇ ಚೆನ್ನಾಗಿರುತ್ತದೆ. ಇಲ್ಲದ ಪುಸ್ತಕ, ಆಡದ ಮಾತು, ನಡೆಯದ ಅಧ್ಯಯನ, ಎಲ್ಲವೂ ನಿಜದಷ್ಟೇ ನಯವಾಗಿ ಬರುತ್ತವೆ. ಹಳೆಯ ಯಂತ್ರಕ್ಕೆ ಕೊಡುವ ಮಾಹಿತಿಯನ್ನು ಪರೀಕ್ಷಿಸಿದರೆ ಸಾಕಿತ್ತು. ಹೊಸದರಲ್ಲಿ ಹೊರಬರುವ ಒಂದೊಂದು ವಾಕ್ಯವನ್ನೂ ಪರೀಕ್ಷಿಸಬೇಕು.

ಹತ್ತು ಸಾವಿರ ಡಾಲರಿನ ಲೆಕ್ಕ

ಇದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಅಮೆರಿಕದ ತಂತ್ರಜ್ಞಾನ ಸುದ್ದಿತಾಣ ‘ಸಿನೆಟ್’ 2022ರ ಕೊನೆಯಲ್ಲಿ ಹಣಕಾಸಿನ ವಿವರಣಾ ಲೇಖನಗಳನ್ನು ಎಐನಿಂದ ಬರೆಸತೊಡಗಿತು. ಬೈಲೈನ್, ಅಂದರೆ ಬರೆದವರ ಹೆಸರಿನ ಜಾಗದಲ್ಲಿ ‘ಸಿನೆಟ್ ಮನಿ ಸ್ಟಾಫ್’ ಎಂದಿತ್ತು. ಬರೆದದ್ದು ಯಂತ್ರ ಅನ್ನುವುದು ಆ ಹೆಸರಿನ ಮೇಲೆ ಒತ್ತಿದರೆ ಮಾತ್ರ ಗೊತ್ತಾಗುತ್ತಿತ್ತು.

ಅವುಗಳಲ್ಲಿ ಒಂದು ಲೇಖನ ಚಕ್ರಬಡ್ಡಿಯ ಬಗ್ಗೆ. 10,000 ಡಾಲರನ್ನು ವರ್ಷಕ್ಕೆ ಶೇ 3ರ ಬಡ್ಡಿಗೆ ಇಟ್ಟರೆ ಮೊದಲ ವರ್ಷದ ಕೊನೆಗೆ 10,300 ಡಾಲರ್ ಗಳಿಸುತ್ತೀರಿ ಎಂದು ಅದು ಬರೆಯಿತು. ಇನ್ನೊಮ್ಮೆ ಓದಿ. ಕೈಯಲ್ಲಿರುವುದು 10,300 ಡಾಲರ್, ಸರಿ. ಗಳಿಸಿದ್ದು 300 ಮಾತ್ರ. ಠೇವಣಿ ಇಡುವ ಯಾವ ಅಜ್ಜಿಯನ್ನು ಕೇಳಿದರೂ ಈ ವ್ಯತ್ಯಾಸ ಹೇಳುತ್ತಾರೆ. ಆದರೆ ವಾಕ್ಯ ಎಷ್ಟು ಸಲೀಸಾಗಿದೆ ಅಂದರೆ ಕಣ್ಣು ಜಾರಿಕೊಂಡು ಹೋಗುತ್ತದೆ.

ಪ್ರಕಟಣೆಗೆ ಮೊದಲು ಸಂಪಾದಕರು ಪರಿಶೀಲಿಸುತ್ತಾರೆ ಎಂದೇ ಸಿನೆಟ್ ಹೇಳಿಕೊಂಡಿತ್ತು. 2023ರ ಜನವರಿಯಲ್ಲಿ ವಿಷಯ ಹೊರಬಂದ ಮೇಲೆ ಮರುಪರಿಶೀಲನೆ ಮಾಡಿದಾಗ 77 ಲೇಖನಗಳಲ್ಲಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತು. ಅರ್ಧಕ್ಕಿಂತ ಜಾಸ್ತಿ.

ಹೊಸದಾಗಿ ಸೇರಿದ ಹುಡುಗ ಬರೆದ ಕಾಪಿಯಲ್ಲಿ, ಅಂದರೆ ಸುದ್ದಿಯ ಬರಹದಲ್ಲಿ, ತಪ್ಪಿದ್ದರೆ ಎಲ್ಲೋ ಒಂದು ಕಡೆ ವಾಕ್ಯ ತೊದಲುತ್ತದೆ. ಕಾಗುಣಿತ ತಪ್ಪುತ್ತದೆ, ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇರುತ್ತದೆ. ಅದನ್ನು ಕಂಡ ಕೂಡಲೇ ಉಪಸಂಪಾದಕರು ಜಾಗೃತರಾಗುತ್ತಾರೆ. ವರ್ಷಾನುಗಟ್ಟಲೆ ಡೆಸ್ಕಿನಲ್ಲಿ ಕೂತವರ ಅನುಮಾನ ಇಂಥ ಗುರುತುಗಳ ಮೇಲೇ ಬೆಳೆದದ್ದು. ಎಐ ಬರೆದ ಕಾಪಿ ತೊದಲುವುದಿಲ್ಲ. ಹಾಗಾಗಿ ‘ಮನುಷ್ಯರೊಬ್ಬರು ನೋಡುತ್ತಾರೆ’ ಅನ್ನುವ ಭರವಸೆ ಸುಮ್ನೆ ಹೇಳಿದರೆ ಸಾಲದು. ಹೇಗೆ ನೋಡುತ್ತಾರೆ, ಎಷ್ಟು ಸಮಯ ಕೊಟ್ಟು ನೋಡುತ್ತಾರೆ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರಾ ಅನ್ನುವುದನ್ನೂ ನಿಯಮ ಹೇಳಬೇಕು.

ನಿಯಮ ಪುಸ್ತಕದಲ್ಲಿ ಏನಿರುತ್ತದೆ?

2023 ನಿಯಮಗಳ ವರ್ಷ. ಅದಕ್ಕೂ ಮೊದಲೇ ಬರೆದಿಟ್ಟುಕೊಂಡವರೂ ಇದ್ದರು. ಜರ್ಮನಿಯ ಬವೇರಿಯಾ ಪ್ರಾಂತ್ಯದ ಸಾರ್ವಜನಿಕ ಪ್ರಸಾರ ಸಂಸ್ಥೆ 2020ರಲ್ಲೇ ಎಐ ಮಾರ್ಗಸೂಚಿ ಪ್ರಕಟಿಸಿತ್ತು. ಚಾಟ್‌ಜಿಪಿಟಿ ಬಂದ ಮೇಲೆ ‘ವೈರ್ಡ್’, ‘ಗಾರ್ಡಿಯನ್’, ಎಪಿ, ಬಿಬಿಸಿ ಒಂದಾದ ಮೇಲೊಂದು ತಮ್ಮ ನಿಲುವು ಹೇಳಿದವು. ಅದೇ ವರ್ಷ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂದು ಸನ್ನದು ಹೊರಬಂತು. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆ ಮುಂದೆ ನಿಂತು ಮಾಡಿಸಿದ ಕೆಲಸ. ನೊಬೆಲ್ ಪಡೆದ ಫಿಲಿಪ್ಪೀನ್ಸ್‌ನ ಪತ್ರಕರ್ತೆ ಮರಿಯಾ ರೆಸ್ಸಾ ಅದರ ಅಧ್ಯಕ್ಷತೆ ವಹಿಸಿದ್ದರು. ಹತ್ತು ತತ್ವಗಳ ಆ ಸನ್ನದಿನ ಜೀವಾಳ ಇಷ್ಟು: ಪ್ರಕಟವಾದ ಪ್ರತಿ ಸಾಲಿಗೂ ಸುದ್ದಿ ಸಂಸ್ಥೆಯೇ ಹೊಣೆ, ತೀರ್ಮಾನ ಮನುಷ್ಯರದ್ದು.

ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಎಪಿಯ 2023ರ ಆಗಸ್ಟ್‌ನ ಸೂಚನೆಯಲ್ಲಿರುವ ಒಂದು ಮಾತು. ಎಐ ಕೊಟ್ಟದ್ದನ್ನು ‘ಇನ್ನೂ ಪರಿಶೀಲಿಸದ ಮೂಲ ಸಾಮಗ್ರಿ’ ಎಂದೇ ತಿಳಿಯಬೇಕು ಎಂದು ಅದು ತನ್ನ ಸಿಬ್ಬಂದಿಗೆ ಹೇಳಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಬಸ್‌ಸ್ಟ್ಯಾಂಡಿನಲ್ಲಿ ಪರಿಚಯ ಇಲ್ಲದವರು ಒಂದು ಸುದ್ದಿ ಹೇಳಿದ ಹಾಗೆ. ನಿಜ ಇರಬಹುದು, ಸುಳ್ಳೂ ಇರಬಹುದು. ಕೇಳಿಸಿಕೊಂಡು ಬಂದು ವಿಚಾರಿಸಬೇಕು. ಈ ಒಂದು ಮಾತು ಎಐಯನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಅದು ಸಹೋದ್ಯೋಗಿಯೂ ಅಲ್ಲ, ವಿಶ್ವಕೋಶವೂ ಅಲ್ಲ. ವರದಿಗಾರರಿಗೆ ದಿನಾ ಸಿಗುವ ನೂರಾರು ಸುಳಿವುಗಳಲ್ಲಿ ಒಂದು.

ಬಹುತೇಕ ನೀತಿಗಳಲ್ಲಿ ಕೆಲಸಗಳನ್ನು ಮೂರು ಗುಂಪು ಮಾಡಿದ್ದು ಕಾಣುತ್ತದೆ. ಟ್ರಾಫಿಕ್ ಸಿಗ್ನಲ್ ಅಂದುಕೊಳ್ಳಿ. ಒಂದು ಗಂಟೆಯ ಸಂದರ್ಶನದ ಆಡಿಯೊವನ್ನು ಅಕ್ಷರಕ್ಕಿಳಿಸುವುದು, ಸಾವಿರ ಪುಟದ ಸರ್ಕಾರಿ ದಾಖಲೆಯಲ್ಲಿ ಒಂದು ಹೆಸರು ಹುಡುಕುವುದು, ಕಾಗುಣಿತ ನೋಡುವುದು ಹಸಿರು. ಶೀರ್ಷಿಕೆ ಸೂಚಿಸುವುದು, ಸಾರಾಂಶ, ಅನುವಾದ ಹಳದಿ. ಇವನ್ನು ಮಾಡಬಹುದು, ಆದರೆ ಮನುಷ್ಯರು ನೋಡದೆ ಹೊರಗೆ ಹೋಗಕೂಡದು. ಸುದ್ದಿಚಿತ್ರ ಬದಲಾಯಿಸುವುದು, ಯಾರೋ ಹೀಗೆ ಹೇಳಿದರು ಎಂದು ಮಾತು ಹುಟ್ಟಿಸುವುದು ಕೆಂಪು.

ಕೆಂಪು ದೀಪ ದಾಟಿದವರ ಪಾಡು ಏನಾಯಿತು ಅನ್ನುವುದೂ ಗೊತ್ತಿದೆ. 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಒಂದು ವಾರಪತ್ರಿಕೆ, ಅಪಘಾತದ ನಂತರ ವರ್ಷಗಳಿಂದ ಸಾರ್ವಜನಿಕವಾಗಿ ಕಾಣಿಸಿಕೊಳ್ಳದ ರೇಸ್ ಚಾಲಕ ಮೈಕೆಲ್ ಶುಮಾಕರ್ ಅವರ ‘ಮೊದಲ ಸಂದರ್ಶನ’ ಎಂದು ಮುಖಪುಟದಲ್ಲಿ ಹಾಕಿತು. ಉತ್ತರಗಳನ್ನು ಬರೆದದ್ದು ಎಐ. ಸಂಪಾದಕಿಯನ್ನು ಕೆಲಸದಿಂದ ತೆಗೆದುಹಾಕಿದರು. ಪತ್ರಿಕೆಯ ಮಾಲೀಕ ಸಂಸ್ಥೆ ಶುಮಾಕರ್ ಕುಟುಂಬದ ಕ್ಷಮೆ ಕೇಳಿತು. ಆ ಮನೆಯವರ ನೋವನ್ನು ನೆನೆದರೆ ಇದನ್ನು ಬರೀ ತಂತ್ರಜ್ಞಾನದ ಎಡವಟ್ಟು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಿಯಮದ ಇನ್ನೊಂದು ಭಾಗ ಹೊರಗಿನವರಿಗೆ ಕಾಣುವುದೇ ಇಲ್ಲ: ಯಂತ್ರಕ್ಕೆ ಏನನ್ನು ಕೊಡಬಾರದು ಅನ್ನುವುದು. ವರದಿಗಾರ್ತಿಗೆ ಒಬ್ಬ ಅಧಿಕಾರಿ ಗುಟ್ಟಾಗಿ ಕಡತವೊಂದನ್ನು ಕೊಟ್ಟಿದ್ದಾರೆ ಅಂದುಕೊಳ್ಳಿ. ನಲವತ್ತು ಪುಟ, ಸಂಜೆ ಡೆಡ್‌ಲೈನ್. ಉಚಿತ ಚಾಟ್‌ಬಾಟಿಗೆ ಅಪ್‌ಲೋಡ್ ಮಾಡಿ ಸಾರಾಂಶ ಕೇಳುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆ ಕ್ಷಣವೇ ಕಡತ ಇನ್ಯಾವುದೋ ಕಂಪನಿಯ ಕಂಪ್ಯೂಟರ್ ಸೇರಿತು. ಅಲ್ಲಿ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಮುಂದಿನ ತರಬೇತಿಗೆ ಬಳಸುತ್ತಾರಾ, ಯಾವುದೂ ಆ ವರದಿಗಾರ್ತಿಯ ಕೈಯಲ್ಲಿಲ್ಲ. ನಂಬಿ ಕಡತ ಕೊಟ್ಟವರ ಕೆಲಸ ಹೋಗಬಹುದು, ಇನ್ನೂ ಕೆಟ್ಟದ್ದೂ ಆಗಬಹುದು. ಇದಕ್ಕಾಗಿಯೇ ದೊಡ್ಡ ಸಂಸ್ಥೆಗಳು ಯಾವ ಸಾಧನ ಬಳಸಬಹುದು ಎಂದು ಪಟ್ಟಿ ಮಾಡುತ್ತವೆ. ಆ ಕಂಪನಿಗಳ ಜೊತೆ ಮಾಹಿತಿ ಸುರಕ್ಷತೆಯ ಕರಾರು ಮಾಡಿಕೊಳ್ಳುತ್ತವೆ. ಸಣ್ಣ ಸುದ್ದಿಮನೆಗೆ ಕರಾರು ಮಾಡಿಕೊಳ್ಳುವಷ್ಟು ದುಡ್ಡು ಇರಲಿಕ್ಕಿಲ್ಲ. ಇಂಥ ಕಡತ ಅಪ್‌ಲೋಡ್ ಮಾಡಬೇಡಿ ಎಂದು ಹೇಳುವುದಕ್ಕೆ ದುಡ್ಡು ಬೇಕಿಲ್ಲ.

ಸೋರುವುದು ಎಲ್ಲಿ?

ಸುದ್ದಿಮನೆಯೊಳಗಿನ ನಿಯಮ ಎಷ್ಟೇ ಗಟ್ಟಿ ಇದ್ದರೂ ಹೊರಗಿನಿಂದ ಬರುವ ಸಾಮಗ್ರಿಗೆ ಅದು ತಾಗದಿದ್ದರೆ ಪ್ರಯೋಜನವಿಲ್ಲ. 2025ರ ಮೇ ತಿಂಗಳಲ್ಲಿ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಭಾನುವಾರದ ಸಂಚಿಕೆಯೊಂದಿಗೆ ಬೇಸಿಗೆ ವಿಶೇಷ ಪುರವಣಿ ಬಂತು. ಅದರಲ್ಲಿ ರಜೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಇತ್ತು. ಹತ್ತು ಪುಸ್ತಕಗಳು ಈ ಲೋಕದಲ್ಲೇ ಇರಲಿಲ್ಲ. ಲೇಖಕರು ಮಾತ್ರ ನಿಜವಾದವರು. ಇಸಬೆಲ್ ಅಯೆಂದೆ ಬರೆಯದೇ ಇದ್ದ ಕಾದಂಬರಿಗೆ ಹೆಸರೂ ಇತ್ತು, ಕಥೆಯ ಸಾರಾಂಶವೂ ಇತ್ತು.

ಪುರವಣಿಯನ್ನು ಪತ್ರಿಕೆಯ ಸಂಪಾದಕೀಯ ಬಳಗ ಮಾಡಿರಲಿಲ್ಲ. ‘ಕಿಂಗ್ ಫೀಚರ್ಸ್’ ಎಂಬ ಸಂಸ್ಥೆಯಿಂದ ಕೊಂಡದ್ದು. ಅವರು ಒಬ್ಬ ಹವ್ಯಾಸಿ ಬರಹಗಾರರಿಂದ ಬರೆಸಿದ್ದರು. ಆ ಬರಹಗಾರರು ಎಐ ಬಳಸಿ, ಪರೀಕ್ಷಿಸದೆ ಕಳಿಸಿದ್ದರು. ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲೂ ಅದೇ ಪಟ್ಟಿ ಬಂತು. ಪ್ರತಿಯೊಬ್ಬರೂ ಹಿಂದಿನವರು ನೋಡಿರುತ್ತಾರೆ ಅಂದುಕೊಂಡಂತಿದೆ. ಸನ್-ಟೈಮ್ಸ್ ಸಿಬ್ಬಂದಿಯಲ್ಲಿ ಐದರಲ್ಲಿ ಒಬ್ಬರು ಕೆಲವೇ ವಾರಗಳ ಹಿಂದೆ ಸ್ವಯಂ ನಿವೃತ್ತಿ ಪಡೆದು ಹೋಗಿದ್ದರು ಅನ್ನುವುದನ್ನೂ ಇಲ್ಲಿ ಸೇರಿಸಿ ಓದಬೇಕು. ಪರಿಶೀಲನೆ ಮನುಷ್ಯರ ಕೆಲಸ. ಮನುಷ್ಯರು ಕಡಿಮೆಯಾದಷ್ಟೂ ಅದೇ ಮೊದಲು ಬಿಟ್ಟುಹೋಗುವುದು. ಆಮೇಲೆ ಪತ್ರಿಕೆ, ಹೊರಗಿನವರ ಸಾಮಗ್ರಿಯೂ ನಮ್ಮದೇ ಮಟ್ಟಕ್ಕೆ ಇರಬೇಕು ಎಂದು ನೀತಿಯನ್ನು ಬಿಗಿ ಮಾಡಿತು.

ನಮ್ಮ ಪತ್ರಿಕೆಗಳಿಗೂ ಇದು ದೂರದ ಮಾತಲ್ಲ. ಏಜೆನ್ಸಿ ಸುದ್ದಿ, ಜಾಹೀರಾತು ಪುರವಣಿ, ತಾಲ್ಲೂಕಿನ ಅರೆಕಾಲಿಕ ವರದಿಗಾರರು ಕಳಿಸುವ ವಾಟ್ಸ್ಆ್ಯಪ್ ಕಾಪಿ, ಅಂಕಣಗಳು, ಹೀಗೆ ಹೊರಗಿನಿಂದ ಬರುವುದೇ ಬಹಳ. ನೀತಿ ಸಂಬಳದ ನೌಕರರಿಗೆ ಮಾತ್ರ ಅಂತಾದರೆ ಅರ್ಧ ಬಾಗಿಲು ತೆರೆದಿಟ್ಟ ಹಾಗೆ.

ಸುದ್ದಿ ಮನೆಬಿಟ್ಟು ಹೋದ ಮೇಲೂ ಸೋರುತ್ತದೆ. 2024ರ ಡಿಸೆಂಬರ್‌ನಲ್ಲಿ ಆ್ಯಪಲ್ ಫೋನುಗಳ ಎಐ, ಬಿಬಿಸಿಯ ಸುದ್ದಿಗಳನ್ನು ತಾನೇ ಚುಟುಕು ಮಾಡಿ ತೋರಿಸುವಾಗ, ಅಮೆರಿಕದ ಕೊಲೆ ಪ್ರಕರಣವೊಂದರ ಆರೋಪಿ ತನಗೆ ತಾನೇ ಗುಂಡು ಹಾರಿಸಿಕೊಂಡ ಎಂದು ಹೇಳಿತು. ಹಾಗೇನೂ ಆಗಿರಲಿಲ್ಲ, ಬಿಬಿಸಿ ಹಾಗೆ ಬರೆದೂ ಇರಲಿಲ್ಲ. ಆದರೆ ಪರದೆಯ ಮೇಲೆ ಇದ್ದದ್ದು ಬಿಬಿಸಿಯ ಹೆಸರು. ದೂರು ಹೋಯಿತು. ಜನವರಿಯಲ್ಲಿ ಆ್ಯಪಲ್ ಸುದ್ದಿ ಚುಟುಕನ್ನು ನಿಲ್ಲಿಸಿತು. 2025ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಪ್ರಸಾರಕರ ಒಕ್ಕೂಟ ಮತ್ತು ಬಿಬಿಸಿ ಸೇರಿ ಒಂದು ಅಧ್ಯಯನ ಹೊರತಂದವು. 18 ದೇಶಗಳ 22 ಸಂಸ್ಥೆಗಳು 14 ಭಾಷೆಗಳಲ್ಲಿ ಚಾಟ್‌ಜಿಪಿಟಿಯಂಥ ಎಐ ಸಹಾಯಕಗಳಿಗೆ ಸುದ್ದಿಯ ಪ್ರಶ್ನೆ ಕೇಳಿದ್ದವು. ಶೇ 45ರಷ್ಟು ಉತ್ತರಗಳಲ್ಲಿ ಕನಿಷ್ಠ ಒಂದು ದೊಡ್ಡ ದೋಷ ಇತ್ತು.

ಕನ್ನಡಕ್ಕೆ ಬಂದಾಗ

2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದದ್ದನ್ನು ಅವರ ಕಚೇರಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲಿ ಹಾಕಿತು. ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾದ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ, ಸಿದ್ದರಾಮಯ್ಯ ಅವರೇ ನಿನ್ನೆ ತೀರಿಕೊಂಡರು ಅನ್ನುವ ಅರ್ಥ ಬಂತು. ಅವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಮೆಟಾ ಕ್ಷಮೆ ಕೇಳಿ ಸರಿಪಡಿಸಿತು.

ಯಾಕೆ ಹೀಗಾಯಿತು? ‘ನಿನ್ನೆ ನಿಧನರಾದ’ ಅನ್ನುವ ಮಾತು ಮುಂದೆ ಬರುವ ಹೆಸರಿಗೆ, ಅಂದರೆ ಸರೋಜಾದೇವಿ ಅವರಿಗೆ, ಸೇರಬೇಕು. ಮುಖ್ಯಮಂತ್ರಿಯ ಹೆಸರು ವಾಕ್ಯದ ಶುರುವಿನಲ್ಲೇ ಇರುತ್ತದೆ, ಅವರು ಏನು ಮಾಡಿದರು ಅನ್ನುವುದು ಕೊನೆಗೆ ಬರುತ್ತದೆ. ನಡುವೆ ಇನ್ನೊಬ್ಬರ ಬಗ್ಗೆ ಉದ್ದದ ವಿವರ. ನಮಗೆ ಇದು ಉಸಿರಾಡಿದಷ್ಟು ಸುಲಭ. ಕನ್ನಡವನ್ನು ಕಡಿಮೆ ಓದಿದ ಯಂತ್ರ ಇಂಥಲ್ಲೇ ಎಡವುತ್ತದೆ. ಯಾರು ಸತ್ತರು ಅನ್ನುವುದೇ ಅದಲುಬದಲಾದರೆ ಇನ್ನು ಉಳಿದದ್ದೇನು?

ಇದು ಸುದ್ದಿ ಸಂಸ್ಥೆಯ ತಪ್ಪಲ್ಲ, ನಿಜ. ಆದರೆ ಕನ್ನಡದ ಡೆಸ್ಕುಗಳಲ್ಲಿ ಅನುವಾದವೇ ದಿನದ ದೊಡ್ಡ ಕೆಲಸ. ದೆಹಲಿ, ಮುಂಬೈ, ವಿದೇಶದ ಸುದ್ದಿಗಳು ಇಂಗ್ಲಿಷಿನಲ್ಲಿ ಬಂದು ಇಲ್ಲಿ ಕನ್ನಡವಾಗುತ್ತವೆ. ಎಐ ಮೊದಲು ನುಗ್ಗುವ ಜಾಗ ಇದೇ. ಹಾಗಾಗಿ ಇಂಗ್ಲಿಷ್ ಪತ್ರಿಕೆಯ ನೀತಿಯನ್ನು ಎತ್ತಿ ತಂದರೆ ನಮಗೆ ಸಾಲದು. ಕನ್ನಡಕ್ಕೇ ಬೇಕಾದ ಎಚ್ಚರಿಕೆಗಳಿವೆ. ‘ಆರೋಪಿ’ ಬೇರೆ, ‘ಅಪರಾಧಿ’ ಬೇರೆ. ಒಂದು ಪದ ಜಾರಿದರೆ ಕೋರ್ಟು ತೀರ್ಪು ಕೊಡುವ ಮೊದಲೇ ಪತ್ರಿಕೆ ತೀರ್ಪು ಕೊಟ್ಟಂತೆ. ಮಾನನಷ್ಟ ಮೊಕದ್ದಮೆಯೂ ಬರಬಹುದು. ಇಂಗ್ಲಿಷಿನ ಮಿಲಿಯನ್ ನಮ್ಮ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ. ಇಲ್ಲಿ ಒಂದು ಸೊನ್ನೆ ಹೆಚ್ಚುಕಮ್ಮಿಯಾದರೆ ಬಜೆಟ್ ಸುದ್ದಿಯೇ ಉಲ್ಟಾ. ಊರಿನ ಹೆಸರು, ಮನೆತನದ ಹೆಸರು ಇಂಗ್ಲಿಷ್ ಅಕ್ಷರದಿಂದ ಮರಳಿ ಕನ್ನಡಕ್ಕೆ ಬರುವಾಗ ‘ಳ’ ಹೋಗಿ ‘ಲ’, ‘ಣ’ ಹೋಗಿ ‘ನ’ ಆಗುತ್ತದೆ. ಅನುವಾದಕ್ಕೆ ಎಐ ಬಳಸುವುದಾದರೆ ಹೆಸರು, ಸಂಖ್ಯೆ, ಕಾನೂನಿನ ಪದ, ಯಾರು ಏನು ಮಾಡಿದರು ಎಂಬ ಕೊಂಡಿ, ಈ ನಾಲ್ಕನ್ನು ಮೂಲದ ಪಕ್ಕದಲ್ಲಿಟ್ಟು ನೋಡಲೇಬೇಕು.

ಫ್ರಾನ್ಸಿನ ‘ಲ ಮೊಂದ್’ 2022ರಲ್ಲಿ ಇಂಗ್ಲಿಷ್ ಆವೃತ್ತಿ ಶುರು ಮಾಡಿದಾಗ ಯಂತ್ರಾನುವಾದವನ್ನೇ ಬಳಸಿತು. ಆದರೆ ಅನುವಾದ ಬಲ್ಲವರು, ಪತ್ರಕರ್ತರು ತಿದ್ದಿದ ಮೇಲೇ ಅದು ಹೊರಬರುತ್ತಿತ್ತು. ಯಂತ್ರ ಉಳಿಸಿದ ಸಮಯವನ್ನು ಪರಿಶೀಲನೆಗೆ ಕೊಟ್ಟರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

2023ರಲ್ಲಿ ದೇಶದ ಸುದ್ದಿವಾಹಿನಿಗಳಲ್ಲಿ ಎಐ ನಿರೂಪಕಿಯರ ಸಾಲೇ ಬಂತು. ಹಿಂದಿಯಲ್ಲಿ ‘ಸನಾ’, ಒಡಿಶಾದಲ್ಲಿ ‘ಲೀಸಾ’, ಕನ್ನಡದ ಪವರ್ ಟಿವಿಯಲ್ಲಿ ‘ಸೌಂದರ್ಯ’. ಇವರೆಲ್ಲ ಯಂತ್ರ ಎಂದು ಹೇಳಿಯೇ ಪರಿಚಯಿಸಿದ್ದರಿಂದ ಯಾರಿಗೂ ಮೋಸವಾಗಲಿಲ್ಲ. ಆದರೆ ನಿರೂಪಕಿಯ ಮುಖ ಕಣ್ಣಿಗೆ ಬೀಳುತ್ತದೆ. ಡೆಸ್ಕಿನಲ್ಲಿ ರಾತ್ರಿ ಹೊತ್ತು ತೆರೆದಿರುವ ಚಾಟ್‌ಬಾಟ್ ಕಿಟಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಯಮ ಹೆಚ್ಚು ಬೇಕಿರುವುದು ಎರಡನೆಯದಕ್ಕೆ.

ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ಭಾರತದಂಥ ದೇಶಗಳ ಇನ್ನೂರಕ್ಕೂ ಹೆಚ್ಚು ಪತ್ರಕರ್ತರನ್ನು ಮಾತಾಡಿಸಿ 2025ರ ಆರಂಭದಲ್ಲಿ ಒಂದು ವರದಿ ಕೊಟ್ಟಿತು. ಶೇ 80ಕ್ಕಿಂತ ಜಾಸ್ತಿ ಜನ ಕೆಲಸಕ್ಕೆ ಎಐ ಬಳಸುತ್ತಿದ್ದರು. ತಮ್ಮ ಸಂಸ್ಥೆಯಲ್ಲಿ ಅಧಿಕೃತ ಎಐ ನೀತಿ ಇದೆ ಎಂದವರು ಶೇ 13 ಮಾತ್ರ. ಉಳಿದವರು ತಮಗೆ ತೋಚಿದ ಹಾಗೆ ಬಳಸುತ್ತಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ. ಇಷ್ಟು ಮಾಡಬಹುದು, ಇಷ್ಟು ಮಾಡಬಾರದು ಎಂದು ಯಾರೂ ಅವರಿಗೆ ಹೇಳಿಲ್ಲ.

ಲೇಬಲ್ ಹಾಕಿದರೆ ಸಾಕಾ?

‘ಎಐ ಬಳಸಿದ್ದರೆ ಹೇಳಿಬಿಡಿ’ ಅನ್ನುವುದು ಎಲ್ಲರೂ ಒಪ್ಪುವ ಮಾತು. ಆದರೆ ಇಲ್ಲೊಂದು ತೊಡಕಿದೆ. ಬೆಂಜಮಿನ್ ಟಾಫ್, ಫೆಲಿಕ್ಸ್ ಸೈಮನ್ ಎಂಬ ಸಂಶೋಧಕರು ಅಮೆರಿಕದ ಓದುಗರೊಂದಿಗೆ ಪ್ರಯೋಗ ನಡೆಸಿದಾಗ, ಎಐ ಬರೆದದ್ದು ಎಂದು ಗುರುತು ಹಾಕಿದ ಸುದ್ದಿಯನ್ನು ಜನ ಕಡಿಮೆ ನಂಬುತ್ತಾರೆ ಎಂದು ಕಂಡುಬಂತು. ಪ್ರಾಮಾಣಿಕವಾಗಿ ಹೇಳಿದವರಿಗೇ ನಷ್ಟ. ಹೇಳದೇ ಇದ್ದವರು ಸಿಕ್ಕಿಬೀಳುವವರೆಗೆ ಕ್ಷೇಮ. ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಸುದ್ದಿಗೆ ಯಾವ ಯಾವ ಮೂಲಗಳನ್ನು ಬಳಸಲಾಗಿದೆ ಎಂದು ಪಟ್ಟಿ ಕೊಟ್ಟಾಗ ಆ ಅಪನಂಬಿಕೆ ಬಹಳಷ್ಟು ಇಳಿಯಿತು.

ಅಂದರೆ ‘ಎಐ ಸಹಾಯದಿಂದ ಸಿದ್ಧಪಡಿಸಿದ್ದು’ ಅನ್ನುವ ಒಂದು ಸಾಲಿಗೆ ದೊಡ್ಡ ಬೆಲೆಯಿಲ್ಲ. ‘ಸಚಿವರ ಇಂಗ್ಲಿಷ್ ಭಾಷಣವನ್ನು ಎಐ ಅನುವಾದಿಸಿದೆ, ನಮ್ಮ ಉಪಸಂಪಾದಕರು ಮೂಲದೊಂದಿಗೆ ಹೋಲಿಸಿ ತಿದ್ದಿದ್ದಾರೆ’ ಎಂದರೆ ಓದುಗರಿಗೆ ಏನಾದರೂ ತಿಳಿಯುತ್ತದೆ.

ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಈ ವಿಷಯದಲ್ಲಿ ಒಂದು ಕುತೂಹಲದ ದಾರಿ ಹಿಡಿದಿದೆ. ಸಾರ್ವಜನಿಕ ಮಹತ್ವದ ವಿಷಯದ ಬಗ್ಗೆ ಎಐ ಬರೆದದ್ದನ್ನು ಪ್ರಕಟಿಸಿದರೆ ಹಾಗೆಂದು ಹೇಳಬೇಕು ಅನ್ನುತ್ತದೆ ಅದರ 50ನೇ ವಿಧಿ. ಆದರೆ ಮನುಷ್ಯರು ಪರಿಶೀಲಿಸಿದ್ದರೆ, ಪ್ರಕಟಣೆಯ ಸಂಪಾದಕೀಯ ಹೊಣೆಯನ್ನು ಒಬ್ಬ ವ್ಯಕ್ತಿ ಅಥವಾ ಸಂಸ್ಥೆ ಹೊತ್ತಿದ್ದರೆ ವಿನಾಯಿತಿ ಇದೆ. ಕಾನೂನಿಗೂ ಕೊನೆಗೆ ಬೇಕಾದದ್ದು ಉತ್ತರ ಕೊಡುವ ಒಬ್ಬರು. ಭಾರತದಲ್ಲಿ 2026ರ ಫೆಬ್ರುವರಿಯಲ್ಲಿ ಬಂದ ಐಟಿ ನಿಯಮಗಳ ತಿದ್ದುಪಡಿ, ಎಐ ಸೃಷ್ಟಿಸಿದ ಚಿತ್ರ, ವಿಡಿಯೊ, ಧ್ವನಿಗೆ ಗುರುತು ಹಾಕುವ ಜವಾಬ್ದಾರಿಯನ್ನು ಸಾಮಾಜಿಕ ಮಾಧ್ಯಮದಂಥ ವೇದಿಕೆಗಳ ಮೇಲೆ ಹಾಕಿದೆ. ಸುದ್ದಿಮನೆಯೊಳಗಿನ ಅನುವಾದ, ತಿದ್ದುವಿಕೆ ಅದರ ಕಣ್ಣಿಗೆ ಬೀಳುವಂಥದ್ದಲ್ಲ.

ಮಾಲೀಕರು ಮತ್ತು ನೌಕರರ ನಡುವಿನ ಕರಾರಿನಲ್ಲೂ ಈಗ ಎಐ ಬಂದಿದೆ. ಅಮೆರಿಕದ ಸುದ್ದಿ ಸಂಸ್ಥೆ ‘ಪೊಲಿಟಿಕೊ’ದಲ್ಲಿ, ಎಐ ಸಾಧನ ತರುವ ಮೊದಲು 60 ದಿನದ ನೋಟಿಸ್ ಕೊಡಬೇಕು, ಮನುಷ್ಯರ ಮೇಲ್ವಿಚಾರಣೆ ಇರಬೇಕು ಎಂದು ಪತ್ರಕರ್ತರ ಸಂಘ ಬರೆಸಿಕೊಂಡಿತ್ತು. ಸಂಸ್ಥೆ ಅದನ್ನು ಮೀರಿದೆ ಎಂದು 2025ರ ಕೊನೆಯಲ್ಲಿ ಮಧ್ಯಸ್ಥಗಾರರು ತೀರ್ಪು ಕೊಟ್ಟರು. ಇನ್ನು ಸುದ್ದಿ ಸಂಸ್ಥೆಗಳು ತಮ್ಮ ಹಳೆಯ ಬರಹಗಳನ್ನು ಎಐ ಕಂಪನಿಗಳಿಗೆ ಮಾರುವ ವಿಚಾರ, ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಜೊತೆ ಎಪಿ ಮಾಡಿಕೊಂಡ ಒಪ್ಪಂದ, ನ್ಯೂಯಾರ್ಕ್ ಟೈಮ್ಸ್ ಹೂಡಿದ ಮೊಕದ್ದಮೆ, ದೆಹಲಿ ಹೈಕೋರ್ಟಿನಲ್ಲಿ 2024ರ ನವೆಂಬರ್‌ನಲ್ಲಿ ಸುದ್ದಿ ಸಂಸ್ಥೆ ಎಎನ್‌ಐ ಹೂಡಿದ ಮೊಕದ್ದಮೆ, ಇವೆಲ್ಲ ಬೇರೆಯೇ ಲೇಖನಕ್ಕೆ ಸಾಕಾಗುವಷ್ಟಿವೆ.

ಕೊನೆಯ ಪುಟದ ತಳದಲ್ಲಿ

ಮನೆಗೆ ಬರುವ ಪತ್ರಿಕೆಯ ಕೊನೆಯ ಪುಟದ ತಳ ನೋಡಿದ್ದೀರಾ? ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುತ್ತದೆ. ಸುದ್ದಿಗಳ ಆಯ್ಕೆಗೆ ಇವರೇ ಜವಾಬ್ದಾರರು ಎಂಬ ಸಾಲೂ ಕೆಲವೆಡೆ ಇರುತ್ತದೆ. 1867ರ ಕಾಯ್ದೆಯಿಂದ ಬಂದ ಪದ್ಧತಿ. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ತಪ್ಪು ಸುದ್ದಿ ಬಂದರೆ ಯಾರ ಮನೆ ಬಾಗಿಲು ತಟ್ಟಬೇಕು ಅನ್ನುವುದಕ್ಕೆ ಒಂದೂವರೆ ಶತಮಾನದಿಂದ ನಮ್ಮಲ್ಲಿ ಉತ್ತರ ಇದೆ ಅಂತಾಯಿತು, ಅಲ್ವಾ?

ಎಐಗೂ ಅಂಥದೇ ಒಂದು ಸಾಲು ಡೆಸ್ಕಿನಲ್ಲಿ ಬೇಕು. ಮೂವತ್ತು ಪುಟದ ನೀತಿ ಬೇಡ, ಅದನ್ನು ರಾತ್ರಿ ಪಾಳಿಯವರು ಓದುವುದಿಲ್ಲ. ಎ4 ಹಾಳೆಯೊಂದು ಸಾಕು, ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಎಐ ಹೇಳಿದ್ದನ್ನು ಕೇಳಿದ ಮಾತು ಎಂದೇ ತಿಳಿಯಿರಿ. ಹೆಸರು, ಸಂಖ್ಯೆ, ಕಾನೂನಿನ ಪದ ಮೂಲದ ಜೊತೆ ಹೋಲಿಸಿ. ಗುಟ್ಟಿನ ಕಡತ ಅಪ್‌ಲೋಡ್ ಮಾಡಬೇಡಿ. ಸುದ್ದಿಚಿತ್ರ ಮುಟ್ಟಬೇಡಿ. ಎಐ ಬಳಸಿದ್ದರೆ ಪುಟದ ಹೊಣೆ ಹೊತ್ತವರಿಗೆ ತಿಳಿಸಿ, ತಿಳಿಸಿದ್ದಕ್ಕೆ ಯಾರೂ ಬಯ್ಯುವುದಿಲ್ಲ. ಕೊನೆಯದು ಬಹಳ ಮುಖ್ಯ. ಬೈಗುಳದ ಭಯ ಇದ್ದಲ್ಲಿ ಜನ ಮುಚ್ಚಿಟ್ಟು ಬಳಸುತ್ತಾರೆ, ಆಗ ಪರೀಕ್ಷಿಸುವುದು ಯಾವುದನ್ನು?

ಆ ಹಾಳೆಯ ಕೆಳಗೆ ಒಬ್ಬರ ಹೆಸರು, ಒಂದು ಫೋನ್ ನಂಬರ್. ರಾತ್ರಿ ಹನ್ನೊಂದೂವರೆಗೆ ಅನುಮಾನ ಬಂದು ಮಾಡಿದರೂ ಎತ್ತುವವರದು.